ಹಸಿರು ಬಿಲ್ಲೆ

ನಮ್ಮ ಆಫೀಸಿನ ಗೇಟು ಈಗ ಮುಖ ನೋಡಿದರೇ ತೆರೆಯುವುದು. ಕ್ಯಾಮೆರಾದ ಎದುರು ನಿಂತು, ಕನ್ನಡಕ ತೆಗೆದು, ಹಣೆಯ ಮೇಲಿನ ಕೂದಲು ಸರಿಸಿ, ನಾನು ನಾನೇ ಎಂದು ಅದು ಒಪ್ಪುವ ತನಕ ಕಾಯಬೇಕು. ಹಿಂದೆ ನಿಂತವರು ಗೊಣಗುತ್ತಾರೆ. "ಕಾರ್ಡೇ ವಾಸಿ ಇತ್ತು ಗುರು" ಎನ್ನುತ್ತಾರೆ. ನಾನು ಏನೂ ಅನ್ನುವುದಿಲ್ಲ. ಅಂದರೆ ಜಗಳವಾಗುತ್ತದೆ, ನನ್ನ ಬಾಯಿ ಜೋರು ಎನ್ನುವುದು ಆಫೀಸಿಗೆಲ್ಲ ಮೊದಲೇ ಗೊತ್ತು.

ಆ ಕಾರ್ಡಿನ ಕಾಲ ಹೇಗಿತ್ತು ಎಂದರೆ, ಮನೆಯಿಂದಲೇ ಕೆಲಸ ಮಾಡಿ ಮೈ ಬಗ್ಗದಂತಾಗಿದ್ದ ನಮ್ಮನ್ನೆಲ್ಲ ಕಂಪನಿ ಮತ್ತೆ ಎಲೆಕ್ಟ್ರಾನಿಕ್ ಸಿಟಿಗೆ ಕರೆಯಿತು. ವಾರಕ್ಕೆ ಇಷ್ಟು ದಿನ ಬರಲೇಬೇಕು. ಬಂದದ್ದಕ್ಕೆ ಸಾಕ್ಷಿ, ಗೇಟಿನಲ್ಲಿ ಕಾರ್ಡ್ ಮುಟ್ಟಿಸುವುದು. ಮುಟ್ಟಿಸಿದರೆ ಕೆಂಪು ದೀಪ ಹಸಿರಾಗುತ್ತದೆ. ಅಷ್ಟಾದರೆ ಕಂಪನಿಯ ಪಾಲಿಗೆ ನೀವು ಬಂದಿದ್ದೀರಿ. ಒಳಗೆ ಕೂತಿದ್ದೀರೋ, ಕಾಫಿ ಕುಡಿದು ವಾಪಸು ಹೋದಿರೋ, ಅಸಲಿಗೆ ಬಂದಿದ್ದೀರೋ ಇಲ್ಲವೋ ಯಾರಿಗೆ ಬೇಕು? ಸೆಕ್ಯುರಿಟಿಯವರು ದೀಪ ನೋಡುತ್ತಿದ್ದರೇ ಹೊರತು ಮುಖ ನೋಡುತ್ತಿರಲಿಲ್ಲ. ಹಾಗಾಗಿ ಟೀಮಿನಲ್ಲಿ ಒಬ್ಬರು ಬಂದರೆ ಐದಾರು ಜನ ಬಂದ ಹಾಗೆ. ವೈಟ್‌ಫೀಲ್ಡಿನಿಂದ, ನಾಗಸಂದ್ರದಿಂದ ಬರಬೇಕಾದವರಿಗೆ ಇದು ಮೋಸ ಎಂದು ಅನ್ನಿಸಲೇ ಇಲ್ಲ. ದಿನದ ಅರ್ಧ ರಸ್ತೆಯಲ್ಲಿ ಕಳೆಯುವವರ ಧರ್ಮ ಕರ್ಮ ಎಲ್ಲ ಸಿಲ್ಕ್ ಬೋರ್ಡಿನ ಸಿಗ್ನಲ್ಲಿನಲ್ಲೇ ಆವಿಯಾಗಿರುತ್ತದೆ.

ನಮ್ಮ ಟೀಮಿನಲ್ಲಿ ಈ ಸೇವೆಗೆಂದೇ ಒಬ್ಬನಿದ್ದ. ನಾವು ಅವನನ್ನು ಕಾರ್ಡಣ್ಣ ಎಂದು ಕರೆಯುತ್ತಿದ್ದೆವು. ಅವನ ಮನೆ ಆಫೀಸಿಗೆ ಹತ್ತಿರ, ಹಾಗಾಗಿ ದಿನಾ ಬರುತ್ತಿದ್ದ. ಎಲ್ಲರ ಕಾರ್ಡೂ ಅವನ ಡ್ರಾಯರಿನಲ್ಲಿರುತ್ತಿದ್ದವು. ಯಾರೂ ಕೇಳಬೇಕಾಗಿರಲಿಲ್ಲ. ನೀವು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು "ಲೇಟಾಗತ್ತೆ" ಎಂದು ಮೆಸೇಜ್ ಹಾಕುವಷ್ಟರಲ್ಲಿ ಅವನ ಉತ್ತರ ಬಂದಿರುತ್ತಿತ್ತು: "ನಿಂದು ಆಯ್ತು." ಅವನು ಕೆಟ್ಟವನಲ್ಲ, ಇದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳುವ ಮನಸ್ಸು ನನಗೆ ಇರಲಿಕ್ಕಿಲ್ಲ. ಯಾರಿಗಾದರೂ ಜ್ವರ ಬಂದರೆ ಗಂಜಿ ತರುತ್ತಿದ್ದವನು ಅವನು. ಯಾರ ಮನೆ ಖಾಲಿ ಮಾಡಿದರೂ ಮಂಚ ಹೊರಲು ಬರುತ್ತಿದ್ದವನು ಅವನು. ನನ್ನ ಗಂಡ ಅವನನ್ನು "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ರೇಗಿಸುತ್ತಿದ್ದ. ಅವನು ಹಲ್ಲು ಕಿರಿಯುತ್ತಿದ್ದ.

ನನ್ನ ಗಂಡನೂ ಅದೇ ಆಫೀಸು, ಅದೇ ಟೀಮು. ಮನೆ ಸಿಂಗಸಂದ್ರ. ಅವನದು ಅಲ್ಲಿನ ಮೂಲ ರೈತ ಮನೆತನ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಸಾಲು ಬಾಡಿಗೆ ಮನೆಗಳಿವೆ, ಅವುಗಳಲ್ಲಿ ರಾಯಚೂರು, ಕಲಬುರಗಿ ಕಡೆಯಿಂದ ಬಂದ ಗಾರೆ ಕೆಲಸದವರಿದ್ದಾರೆ. ನೀರು ಬಂದಿಲ್ಲ, ಕರೆಂಟು ಹೋಯಿತು ಎಂದು ಅವರು ಕದ ತಟ್ಟುವುದು ನನ್ನ ಅತ್ತೆಯನ್ನು. ಮಾವ ತೀರಿಹೋಗಿ ಬಹಳ ಕಾಲವಾಗಿತ್ತು. ಇವನೊಬ್ಬನೇ ಮಗ. ನಮಗೆ ಮಕ್ಕಳಿಲ್ಲ. ದೊಡ್ಡಪ್ಪನ ಮಕ್ಕಳು ಪಕ್ಕದ ಬೀದಿಯಲ್ಲೇ ಇದ್ದರೂ, ಒಂದು ಪಟ್ಟಿ ಜಮೀನಿನ ಸಲುವಾಗಿ ಕೋರ್ಟಿನಲ್ಲಿ ಮಾತ್ರ ಮುಖ ನೋಡುವುದು.

ಅವನು ಈಜು ಕಲಿತದ್ದು ತಮ್ಮದೇ ಬಾವಿಯಲ್ಲಿ. ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ ಅಪ್ಪ ನೀರಿಗೆ ತಳ್ಳಿದ್ದನ್ನು ಅವನು ಎಷ್ಟು ಸಲ ಹೇಳಿದ್ದಾನೋ ಲೆಕ್ಕವಿಲ್ಲ. ಆ ಬಾವಿಯನ್ನು ಮುಚ್ಚಿ ಈಗ ಬಾಡಿಗೆಯವರ ಬೈಕು ನಿಲ್ಲಿಸುತ್ತಾರೆ. ನೀರು ಅಂದರೆ ಅವನಿಗೆ ಹುಚ್ಚು. ನನಗೆ ಇರಲಿಲ್ಲ, ಅವನ ಜೊತೆಗಿದ್ದು ಹಿಡಿಯಿತು.

ಸ್ಕೂಬಾ ಕಲಿಯೋಣ ಎಂದು ಮೊದಲು ಹೊರಟವನು ಕಾರ್ಡಣ್ಣ. ಬೆಳ್ಳಂದೂರಿನ ಒಂದು ಅಪಾರ್ಟ್‌ಮೆಂಟಿನ ಈಜುಕೊಳದಲ್ಲಿ ಭಾನುವಾರ ಬೆಳಿಗ್ಗೆ ಪಾಠ. ಗೋಡೆಯಾಚೆ ನೊರೆ ಕಾರುವ ಕೆರೆಯ ವಾಸನೆ, ಈಚೆ ಕ್ಲೋರಿನ್ ನೀರಿನ ತಳದಲ್ಲಿ ಮಂಡಿಯೂರಿ ಕೂತ ನಾವು. ಬೆನ್ನಿಗೆ ಗಾಳಿಯ ಸಿಲಿಂಡರು, ಬಾಯಿಗೆ ಕೊಳವೆ, ಮೇಲೆ ಅಪಾರ್ಟ್‌ಮೆಂಟಿನ ಮಕ್ಕಳು ಬಗ್ಗಿ ನೋಡಿ ನಗುವುದು. ಅಲ್ಲಿ ಹೇಳಿಕೊಟ್ಟದ್ದರಲ್ಲಿ ಮುಖ್ಯವಾದದ್ದು ಒಂದೇ: ನೀರಿನಲ್ಲಿ ಯಾರೂ ಒಬ್ಬರೇ ಇರಬಾರದು. ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರ. ಅವನ ಗಾಳಿ ನೀವು ನೋಡಬೇಕು, ನಿಮ್ಮದು ಅವನು. ನನ್ನ ಜೊತೆಗಾರ ನನ್ನ ಗಂಡ. ನೀರಿನ ಕೆಳಗೆ ಅವನು ನನ್ನ ಎರಡು ಬೆರಳು ಹಿಡಿದು ಹಿಸುಕುತ್ತಿದ್ದ, ಹೆದರಬೇಡ ಎನ್ನುವುದಕ್ಕೆ. ಮನೆಯಲ್ಲಿ ಹಾಗೆ ಹಿಡಿದದ್ದು ಕಡಿಮೆ.

ಎರಡು ಮೂರು ಸಣ್ಣ ಪ್ರವಾಸಗಳಾದ ಮೇಲೆ ಎಲ್ಲರಿಗೂ ದೊಡ್ಡ ಆಸೆ ಹುಟ್ಟಿತು. ಹಡಗಿನಲ್ಲೇ ವಾಸ. ಅಲ್ಲೇ ಊಟ, ಅಲ್ಲೇ ನಿದ್ದೆ, ದಿನಕ್ಕೆ ಮೂರು ಸಲ ಸಮುದ್ರಕ್ಕೆ ಇಳಿಯುವುದು. ಮಾಲ್ಡೀವ್ಸ್‌ನ ದಕ್ಷಿಣದ ತುದಿಯಲ್ಲಿ ಜನವಿಲ್ಲದ ದ್ವೀಪಗಳಿವೆ, ಅಲ್ಲಿ ಫೋನೂ ಸಿಗುವುದಿಲ್ಲ, ದೊಡ್ಡ ದೊಡ್ಡ ಶಾರ್ಕುಗಳು ಸಿಗುತ್ತವೆ. ಫೋನು ಸಿಗುವುದಿಲ್ಲ ಎನ್ನುವುದೇ ನಮಗೆ ಶಾರ್ಕಿಗಿಂತ ದೊಡ್ಡ ಆಕರ್ಷಣೆ. ತೊಂದರೆ ಒಂದೇ. ಕೊನೆಯ ಎರಡು ದಿನಕ್ಕೆ ಯಾರ ಬಳಿಯೂ ರಜೆ ಉಳಿದಿರಲಿಲ್ಲ. "ಅದಕ್ಕೆಲ್ಲ ಯಾಕ್ ತಲೆ ಕೆಡಿಸ್ಕೋತೀರ" ಎಂದ ಕಾರ್ಡಣ್ಣ. ನಮ್ಮೆಲ್ಲರ ಕಾರ್ಡುಗಳನ್ನು ಒಂದು ಬಟ್ಟೆ ಚೀಲಕ್ಕೆ ಹಾಕಿ, ಟೀಮಿನ ಇನ್ನೊಬ್ಬಳ ಕೈಗೆ ಕೊಟ್ಟ. ಆ ಎರಡು ದಿನ ಅವಳು ಎಲ್ಲರ ಕಾರ್ಡನ್ನೂ ಮುಟ್ಟಿಸುವುದು ಎಂದು ಮಾತಾಯಿತು. ನನ್ನ ಕಾರ್ಡೂ ಆ ಚೀಲದಲ್ಲಿತ್ತು.

ಹೊರಡುವ ದಿನ ಅತ್ತೆ ಬಾಗಿಲಲ್ಲೇ ಕೂತಿದ್ದರು.

"ಬಾವಿ ನೀರೇ ಬ್ಯಾರೆ, ಸಮುದ್ರವೇ ಬ್ಯಾರೆ ಕಣ್ಲಾ" ಎಂದರು ಮಗನಿಗೆ. "ಬಾವೀಲಿ ಬಿದ್ದು ಕೂಗಿದ್ರೆ ಮೇಲಿರೋರ್ಗೆ ಕೇಳುಸ್ತದೆ. ಅಲ್ಲಿ ಯಾರ್ನ ಕೂಗ್ತೀಯ ನೀನು?"

"ನಾನಿಲ್ವಾ ಅಮ್ಮಾ" ಎಂದ ಕಾರ್ಡಣ್ಣ, ಅಷ್ಟರಲ್ಲಾಗಲೇ ನಮ್ಮ ಸೂಟ್‌ಕೇಸನ್ನು ಟ್ಯಾಕ್ಸಿಗೆ ಏರಿಸುತ್ತಿದ್ದವನು. "ನಾನ್ ನೋಡ್ಕೋತೀನಿ ಬಿಡಿ."

"ನೋಡ್ಕಳಪ್ಪಾ" ಎಂದರು ಅತ್ತೆ. ಅವರಿಗೆ ಅವನ ಮೇಲೆ ಬಹಳ ನಂಬಿಕೆ.

ದೊಡ್ಡ ಹಡಗಿನ ಜೊತೆಗೆ ಒಂದು ಚಿಕ್ಕ ಬೋಟು ಬರುತ್ತಿತ್ತು. ಸಿಲಿಂಡರುಗಳೆಲ್ಲ ಅದರಲ್ಲಿ. ಅಲ್ಲಿನವರೂ ಅದನ್ನು ದೋಣಿ ಎಂದೇ ಕರೆಯುತ್ತಾರೆ, ಅದು ನಮಗೆ ಖುಷಿ ಕೊಟ್ಟಿತ್ತು. ನೀರಿಗೆ ಇಳಿಯುವವರು ದೋಣಿಯಲ್ಲಿ ಹೋಗಿ ಇಳಿದು ದೋಣಿಗೇ ಹತ್ತಬೇಕು. ದೋಣಿಯ ಕಂಬಕ್ಕೆ ಒಂದು ಹಲಗೆ ಹೊಡೆದಿದ್ದರು. ಹಲಗೆಯ ಮೇಲೆ ಮೊಳೆಗಳು, ಮೊಳೆಗೊಂದು ಬಿಲ್ಲೆ, ಬಿಲ್ಲೆಗೊಂದು ನಂಬರು. ಒಂದು ಮೈ ಕೆಂಪು, ಇನ್ನೊಂದು ಮೈ ಹಸಿರು. ಇಳಿಯುವ ಮುಂಚೆ ಕೆಂಪು ಮಾಡಬೇಕು, ಹತ್ತಿದ ಮೇಲೆ ಹಸಿರು. ಎಲ್ಲ ಹಸಿರಾಗುವ ತನಕ ದೋಣಿ ಹೊರಡುವುದಿಲ್ಲ.

ಮೊದಲ ದಿನವೇ ಗೈಡು ನಮ್ಮನ್ನು ಹಲಗೆಯ ಎದುರು ನಿಲ್ಲಿಸಿ ಇಂಗ್ಲಿಷಿನಲ್ಲಿ ಹೇಳಿದ್ದ. ಅಲ್ಲಿಯವನೇ, ಮಾತು ಕಡಿಮೆ. ನಿಮ್ಮ ಬಿಲ್ಲೆಯನ್ನು ನೀವೇ ತಿರುಗಿಸಬೇಕು. ಗಂಡನದನ್ನು ಹೆಂಡತಿ ತಿರುಗಿಸಬಾರದು, ಹೆಂಡತಿಯದನ್ನು ಗಂಡ ತಿರುಗಿಸಬಾರದು. ಕೈಗೆ ಪೆಟ್ಟಾಗಿದ್ದರೆ ಮೂಗಿನಲ್ಲಿ ತಿರುಗಿಸಿ, ಆದರೆ ನೀವೇ ತಿರುಗಿಸಿ. ನಾವು ನಕ್ಕೆವು. ಕಾರ್ಡಣ್ಣ ಎಲ್ಲರಿಗಿಂತ ಜೋರಾಗಿ ನಕ್ಕ.

ಎರಡು ದಿನ ಸರಿ ಇತ್ತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ. ದೋಣಿಗೆ ಮೊದಲು ಹತ್ತಿದವನು ಅವನಾದರೆ, ಹಿಂದೆ ಬರುವವರು ಕಾಲಿಗೆ ತೊಟ್ಟ ಈಜುರೆಕ್ಕೆ ಎಳೆದು ತೆಗೆಯುವುದು, ಟವೆಲು ಕೊಡುವುದು, ನಡುವೆ ಅವರ ಬಿಲ್ಲೆಯನ್ನೂ ಒಂದು ಬೆರಳಿನಲ್ಲಿ ಹಸಿರು ಮಾಡುವುದು. "ನಿಂದು ಆಯ್ತು" ಎನ್ನುತ್ತಿದ್ದ, ಥೇಟ್ ಆಫೀಸಿನ ದನಿ. ದೋಣಿಯ ಆಳೊಬ್ಬ ನೋಡಿ ಗದರಿಸಿದ. ಇವನು ಕೈಮುಗಿದು ಕ್ಷಮೆ ಕೇಳಿದ, ಮರುದಿನ ಮತ್ತೆ ಅದೇ. ಎದುರಿಗೇ ಹತ್ತುತ್ತಿದ್ದವರ ಬಿಲ್ಲೆ ತಾನೇ ಎಂದು ನಾವೂ ಸುಮ್ಮನಿದ್ದೆವು.

ಆ ದಿನಗಳು ಚೆನ್ನಾಗಿದ್ದವು ಎಂದು ಹೇಳದಿದ್ದರೆ ಸುಳ್ಳಾಗುತ್ತದೆ. ಕೋಣೆಯಗಲದ ರೆಕ್ಕೆಯ ಮೀನೊಂದು ನಮ್ಮ ತಲೆಯ ಮೇಲೆ ನಿಧಾನವಾಗಿ ಹಾದುಹೋಯಿತು. ನನ್ನ ಗಂಡ ಮೇಲೆ ಬಂದವನು ಡೆಕ್ಕಿನ ಮೇಲೆ ಅಂಗಾತ ಮಲಗಿ, ಆಮೇಲೆ "ಅಪ್ಪಂಗೆ ತೋರಿಸ್ಬೇಕಿತ್ತು ಕಣೇ" ಎಂದ. ಅವನ ಕಣ್ಣಂಚಿನಲ್ಲಿ ಉಪ್ಪು ಒಣಗಿ ಬೆಳ್ಳಗಾಗಿತ್ತು. ಅದನ್ನು ನಾನು ಉಗುರಿನಲ್ಲಿ ಕೆರೆದು ತೆಗೆದೆ.

ರಜೆ ಮುಗಿದು ಕಾರ್ಡಿನ ದಿನ ಶುರುವಾದ ಬೆಳಿಗ್ಗೆ ನನಗೆ ನೆಗಡಿ. ನೆಗಡಿಯಾದರೆ ನೀರಿನ ಕೆಳಗೆ ಕಿವಿ ಒಡೆಯುವ ಹಾಗೆ ನೋಯುತ್ತದೆ, ಇಳಿಯಬಾರದು. ನಾನು ದೊಡ್ಡ ಹಡಗಿನಲ್ಲೇ ಉಳಿದೆ. ಹಾಗಾಗಿ ಆ ದಿನ ನನ್ನ ಗಂಡನಿಗೆ ಜೊತೆಗಾರ ಕಾರ್ಡಣ್ಣ.

"ನಾವೀಗ ಎಲೆಕ್ಟ್ರಾನಿಕ್ ಸಿಟೀಲಿದೀವಿ ಗುರು" ಎಂದು ಅವನು ದೋಣಿಗೆ ಇಳಿಯುತ್ತಾ ಕೂಗಿದ. "ಗೇಟಲ್ಲಿ ಹಸಿರು ಬಿದ್ದಿರತ್ತೆ ಈಗ."

ಎಲ್ಲರೂ ನಕ್ಕರು. ನನ್ನ ಗಂಡ ನನ್ನ ಕಡೆ ತಿರುಗಿ "ಮೀನ್ ಸಾರು ಖಾಲಿ ಮಾಡ್ಬೇಡ, ಬಂದ್ಬಿಡ್ತೀನಿ" ಎಂದ. ನಾನು ಅವನ ಟವೆಲನ್ನು ಹಿಂಬದಿಯ ಹಗ್ಗಕ್ಕೆ ಒಣಗಲು ಹಾಕಿದೆ.

ಮುಂದೆ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಆಮೇಲೆ ಒಬ್ಬೊಬ್ಬರನ್ನೂ ಕೂರಿಸಿ, ಕೆದಕಿ ಕೆದಕಿ ಕೇಳಿ ಜೋಡಿಸಿಕೊಂಡದ್ದು. ಎರಡು ದ್ವೀಪಗಳ ನಡುವಿನ ಕಾಲುವೆಯಂಥ ಜಾಗ ಅದು. ನೀರಿನ ಸೆಳೆತ ಅಂದುಕೊಂಡದ್ದಕ್ಕಿಂತ ಜೋರಿತ್ತು. ಇಬ್ಬರು ಗೈಡುಗಳ ಹಿಂದೆ ಗುಂಪು ಎರಡಾಯಿತು. ಕಾರ್ಡಣ್ಣನ ಸಿಲಿಂಡರಿನಲ್ಲಿ ಗಾಳಿ ಬೇಗ ಮುಗಿಯುತ್ತಾ ಬಂತು. ಜೊತೆಗಾರ ಮೇಲೆ ಹೋದರೆ ಜೊತೆಗೆ ಹೋಗಬೇಕು. ಆದರೆ ನನ್ನ ಗಂಡ, ನನ್ನದು ಇನ್ನೂ ಇದೆ, ನೀನು ಇವರ ಜೊತೆ ಹೋಗು, ನಾನು ಆ ಗುಂಪಿಗೆ ಸೇರುತ್ತೇನೆ ಎಂದು ಕೈಸನ್ನೆ ಮಾಡಿದನಂತೆ. ಸ್ವಲ್ಪ ದೂರದಲ್ಲಿ ಎರಡನೆಯ ಗೈಡಿನ ಗುಂಪು ಕಾಣುತ್ತಿತ್ತು. ಅವನು ಆ ಕಡೆ ಈಜುತ್ತಾ ಹೋದದ್ದೇ ಕೊನೆ. ಆ ಗುಂಪನ್ನು ಅವನು ತಲುಪಲಿಲ್ಲ. ಅವನು ತಮ್ಮ ಕಡೆ ಹೊರಟದ್ದು ಆ ಗೈಡಿಗೆ ಗೊತ್ತೇ ಆಗಲಿಲ್ಲ. ನೀರು ಅವನನ್ನು ಕಾಲುವೆಯಿಂದ ಹೊರಗೆ, ತೆರೆದ ಕಡಲಿಗೆ ಎಳೆದಿರಬೇಕು.

ಎರಡನೆಯ ಗುಂಪು ನೀರಿನಿಂದ ಮೇಲೆದ್ದದ್ದು ದೊಡ್ಡ ಹಡಗಿನ ಹತ್ತಿರ. ಅವರನ್ನು ರಬ್ಬರಿನ ಸಣ್ಣ ಬೋಟಿನಲ್ಲಿ ನೇರವಾಗಿ ಹಡಗಿಗೇ ಹತ್ತಿಸಿಕೊಂಡರು. ಇತ್ತ ದೋಣಿ ಇನ್ನೂ ದೂರದಲ್ಲಿ ಅಲೆಗೆ ಹೊಯ್ದಾಡುತ್ತಿತ್ತು. ಗಾಳಿ ಏಳುತ್ತಿತ್ತು. ಇಬ್ಬರು ವಾಂತಿ ಮಾಡುತ್ತಿದ್ದರು. ರಬ್ಬರು ಬೋಟಿನಲ್ಲಿ ಹೋದವರ ಬಿಲ್ಲೆಗಳನ್ನು ದೋಣಿಯ ಆಳು ವಾಕಿಟಾಕಿಯಲ್ಲಿ ನಂಬರು ಕೇಳಿ ಕೇಳಿ ತಿರುಗಿಸುತ್ತಾ ಬಂದ. ನಡುವೆ ವಾಂತಿ ಮಾಡುತ್ತಿದ್ದವಳೊಬ್ಬಳು ಜಾರಿಬಿದ್ದಳು, ಅವನು ಅವಳನ್ನು ಹಿಡಿಯಲು ಓಡಿದ. ಹಲಗೆಯಲ್ಲಿ ಒಂದೇ ಒಂದು ಕೆಂಪು ಉಳಿದಿತ್ತು, ನನ್ನ ಗಂಡನದು.

ಕಾರ್ಡಣ್ಣ ಹಡಗಿನ ಕಡೆ ನೋಡಿದ. ರಬ್ಬರು ಬೋಟಿನಿಂದ ಡೈವಿಂಗಿನ ಕಪ್ಪು ಸೂಟು ತೊಟ್ಟವರು ಏಣಿ ಹತ್ತುವುದು ಕಾಣುತ್ತಿತ್ತು. ಅದರಲ್ಲಿ ಎತ್ತರದವನೊಬ್ಬ. ಅವನೇ ಎಂದುಕೊಂಡ. ಆ ಗುಂಪಿಗೆ ಹೋಗುತ್ತೇನೆ ಎಂದಿದ್ದನಲ್ಲ, ಹೋಗಿದ್ದಾನೆ, ಹತ್ತಿದ್ದಾನೆ. ಕೈ ಹಲಗೆಗೆ ಹೋಯಿತು. ಕೆಂಪು ಹಸಿರಾಯಿತು. ಆಳು ವಾಪಸು ಬಂದು ಹಲಗೆ ನೋಡಿದ. ಎಲ್ಲ ಹಸಿರು. ತಲೆ ಎಣಿಸಬೇಕಿತ್ತು, ಎಣಿಸಲಿಲ್ಲ. ದೋಣಿ ಹೊರಟಿತು.

ನಾನು ಹಡಗಿನ ಹಿಂಬದಿಯಲ್ಲಿ ನಿಂತಿದ್ದೆ. ರಬ್ಬರು ಬೋಟಿನಲ್ಲಿ ಅವನಿರಲಿಲ್ಲ. ದೋಣಿಯಲ್ಲಿ ಬರುತ್ತಾನೆ ಎಂದುಕೊಂಡೆ. ದೋಣಿ ಬಂತು, ಅದರಲ್ಲೂ ಇರಲಿಲ್ಲ.

"ಎಲ್ಲಿ ಅವ್ನು?" ಎಂದೆ.

"ಮುಂಚೇನೇ ಬಂದ್ನಲ್ಲ, ಬೋಟಲ್ಲಿ" ಎಂದ ಕಾರ್ಡಣ್ಣ, ನನ್ನ ಕೈಗೆ ನನ್ನ ಗಂಡನ ನೀರಿನ ಬಾಟಲಿ ಕೊಡುತ್ತಾ. "ಸ್ನಾನಕ್ಕೆ ಹೋಗಿರ್ತಾನೆ ನೋಡಿ."

ನನ್ನ ಕಣ್ಣಿಗೆ ಬೀಳದೆ ಹತ್ತಿರಬಹುದು ಎಂದುಕೊಂಡು ಕೆಳಗಿನ ಕೋಣೆಗೆ ಹೋದೆ. ಬಚ್ಚಲಿನ ಬಾಗಿಲು ತೆರೆದಿತ್ತು. ಮೇಲಿನ ಡೆಕ್ಕಿಗೆ ಹೋದೆ. ಅಲ್ಲಿ ಇಬ್ಬರು ಬಿಸಿಲಿಗೆ ಮಲಗಿದ್ದರು. ಊಟದ ಗಂಟೆ ಹೊಡೆಯಿತು. ಹಡಗು ಆಗಲೇ ಹೊರಟಿತ್ತು, ಗಾಳಿ ಹೆಚ್ಚುವ ಮುಂಚೆ ಮುಂದಿನ ದ್ವೀಪದ ಮರೆ ಸೇರಬೇಕಿತ್ತು. ನಾನು ಊಟದ ಮನೆ ನೋಡಿದೆ, ಕ್ಯಾಪ್ಟನ್ನಿನ ಕೋಣೆಯಲ್ಲಿ ಇಣುಕಿದೆ, ಸಿಗರೇಟು ಸೇದುವವರ ಮೂಲೆಯನ್ನೂ ನೋಡಿದೆ, ಅವನು ಸೇದುವುದಿಲ್ಲ ಎಂದು ಗೊತ್ತಿದ್ದೂ. ಕೊನೆಗೆ ಹಿಂಬದಿಯ ಹಗ್ಗದ ಹತ್ತಿರ ಬಂದೆ. ಅವನ ಟವೆಲು ನಾನು ಹಾಕಿದ ಹಾಗೇ ಇತ್ತು. ಮುಟ್ಟಿದೆ. ಗರಿಗರಿಯಾಗಿ ಒಣಗಿತ್ತು.

ಆಗ ನಾನು ಕೂಗಿದ ಕೂಗು ನನ್ನದೇ ಎಂದು ನನಗೆ ಗೊತ್ತಾಗಲಿಲ್ಲ.

ಹಡಗು ತಿರುಗಿತು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ತಲೆ ಎಣಿಸಿದರು, ಆಗ ಎಣಿಸಿದರು. ಗೈಡು ಹಲಗೆಯನ್ನು ಕಂಬದಿಂದ ಕಿತ್ತು ತಂದು, ಈ ನಂಬರನ್ನು ತಿರುಗಿಸಿದವರು ಯಾರು ಎಂದು ಕೇಳಿದ. ಯಾರಾದರೂ ಸುಳ್ಳು ಹೇಳಲಿ, ಆಗ ಬೈಯಲು ಸುಲಭ ಎಂದು ನಾನು ಕಾದೆ. ಕಾರ್ಡಣ್ಣ ತಕ್ಷಣ ಕೈ ಎತ್ತಿದ. "ನಾನು" ಎಂದ. ಅವನ ಕೈ ಎತ್ತಿದ್ದು ಹಾಗೇ ಇತ್ತು, ಇಳಿಸಲು ಅವನಿಗೆ ಮರೆತುಹೋಗಿತ್ತು. ಇಷ್ಟು ಬಾಯಿರುವ ನನಗೆ ಆಗ ಒಂದು ಶಬ್ದ ಸಿಗಲಿಲ್ಲ.

ಆ ಜಾಗಕ್ಕೆ ವಾಪಸು ಬರುವ ಹೊತ್ತಿಗೆ ಅಲೆಗಳ ಮೇಲೆ ಬಿಳಿ ನೊರೆ ಎದ್ದಿತ್ತು. ಪ್ರತಿಯೊಬ್ಬರ ಬಳಿಯೂ ಒಂದು ಕಿತ್ತಳೆ ಬಣ್ಣದ ಕೊಳವೆ ಇರುತ್ತದೆ. ಗಾಳಿ ತುಂಬಿದರೆ ಆಳೆತ್ತರ ನಿಲ್ಲುತ್ತದೆ, ನಾನು ಇಲ್ಲಿದ್ದೇನೆ ಎಂದು ತೋರಿಸಲು. ನಾವೆಲ್ಲ ಕಿತ್ತಳೆ ಬಣ್ಣ ಹುಡುಕುತ್ತಾ ಕಂಬಿ ಹಿಡಿದು ನಿಂತೆವು. ಕತ್ತಲಾಗುವ ತನಕ ನಿಂತೆವು. ಕಾರ್ಡಣ್ಣ ಹಡಗಿನ ತುತ್ತತುದಿಯಲ್ಲಿ ನಿಂತು ನನ್ನ ಗಂಡನ ಹೆಸರು ಕೂಗುತ್ತಿದ್ದ. ಗಂಟಲು ಕಟ್ಟಿದ ಮೇಲೂ ಕೂಗುತ್ತಿದ್ದ. ಅಲ್ಲಿ ಯಾರನ್ನು ಕೂಗುತ್ತೀಯ ಎಂದಿದ್ದರಲ್ಲ ಅತ್ತೆ, ಆ ಮಾತು ನನ್ನ ತಲೆಯಲ್ಲಿ ಹುಳದಂತೆ ಕೊರೆಯುತ್ತಿತ್ತು.

ಮರುದಿನ ನನ್ನನ್ನು ಜನರಿರುವ ಒಂದು ದ್ವೀಪಕ್ಕೆ ಕರೆದುಕೊಂಡು ಹೋದರು. ಕಡಲ ಕಾವಲಿನವರು ಅಲ್ಲಿಂದ ಹುಡುಕಾಟ ನಡೆಸುತ್ತಿದ್ದರು. ಮೀನು ಹಿಡಿಯುವ ದೋಣಿಗಳೂ ಹೊರಟಿದ್ದವು. ಒಂದು ಕಚೇರಿಯ ಬೆಂಚಿನ ಮೇಲೆ ನನ್ನನ್ನು ಕೂರಿಸಿದರು. ನನ್ನ ಮಡಿಲಲ್ಲಿ ಅವನ ಚೀಲ, ಚೀಲದಲ್ಲಿ ಅವನ ಫೋನು. ಆ ದ್ವೀಪದಲ್ಲಿ ನೆಟ್‌ವರ್ಕ್ ಇತ್ತು. ಇದ್ದಕ್ಕಿದ್ದ ಹಾಗೆ ಫೋನು ಗುಡುಗುಡು ಎಂದು ನಡುಗತೊಡಗಿತು. ವಾರದ ಮೆಸೇಜುಗಳೆಲ್ಲ ಒಂದರ ಹಿಂದೆ ಒಂದು ಬಂದವು. ಬ್ಯಾಂಕಿನದು, ಬಾಡಿಗೆಯವರದು, ಮೋಟಾರು ಕೆಟ್ಟಿದೆ ಅಣ್ಣ ಎನ್ನುವುದು. ಎಲ್ಲಕ್ಕಿಂತ ಮೇಲೆ, ಆ ದಿನ ಬೆಳಿಗ್ಗೆಯದು, ಆಫೀಸಿನವಳದು.

"ಇವತ್ತಿಂದೂ ಆಯ್ತು. ನೀನ್ ಬಂದಾಯ್ತು ಕಣೋ! ಮಜಾ ಮಾಡು."

ಪಕ್ಕದಲ್ಲಿ ಕೂತಿದ್ದ ಕಾರ್ಡಣ್ಣನಿಗೆ ಫೋನು ಕೊಟ್ಟೆ. ಅವನು ಓದಿದ. ಎದ್ದು ಹೊರಗೆ ಹೋಗಿ ಗೋಡೆಗೆ ತಲೆ ಚಚ್ಚಿಕೊಂಡ ಸದ್ದು ಒಳಗೆ ಕೇಳಿಸಿತು. ನಾನು ಏಳಲಿಲ್ಲ. ಚಚ್ಚಿಕೊಳ್ಳಲಿ ಎನಿಸಿತು.

ಸಂಜೆ ಮೀನಿನವರು ಅವನನ್ನು ತಂದರು. ಬಹಳ ದೂರದಲ್ಲಿ ಸಿಕ್ಕಿದ್ದನಂತೆ. ಕಿತ್ತಳೆ ಕೊಳವೆಯಲ್ಲಿ ಇನ್ನೂ ಅರ್ಧ ಗಾಳಿಯಿತ್ತು. ಅದರ ದಾರವನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಿಕೊಂಡಿದ್ದ. ಭಾರವಾದದ್ದನ್ನೆಲ್ಲ ಒಂದೊಂದಾಗಿ ಬಿಚ್ಚಿ ಬಿಟ್ಟಿದ್ದ. ಕಲಿಸಿಕೊಟ್ಟದ್ದನ್ನೆಲ್ಲ ಮಾಡಿದ್ದ, ಒಂದನ್ನೂ ತಪ್ಪಿಸಿರಲಿಲ್ಲ. ಆ ದ್ವೀಪದ ಡಾಕ್ಟರು ಕೇರಳದವರು. ನನ್ನ ತಲೆಯ ಮೇಲೆ ಕೈಯಿಟ್ಟು, ರಾತ್ರಿಯೆಲ್ಲ ಬದುಕಿದ್ದರು, ಬೆಳಗಾದ ಮೇಲೂ ಸ್ವಲ್ಪ ಹೊತ್ತು ಇದ್ದಿರಬೇಕು ಎಂದರು. ಸಮಾಧಾನಕ್ಕೆಂದು ಹೇಳಿದರೋ, ಕೇಳಿದೆನೆಂದು ಹೇಳಿದರೋ ತಿಳಿಯದು. ಆ ಮಾತನ್ನು ನಾನು ಇವತ್ತಿಗೂ ಹೊತ್ತು ತಿರುಗುತ್ತಿದ್ದೇನೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅವನ ಕಾರ್ಡು ಗೇಟು ಮುಟ್ಟಿ ಹಸಿರು ದೀಪ ಹೊತ್ತಿದಾಗ ಅವನು ಬದುಕಿದ್ದ. ನೀರಿನಲ್ಲಿ, ಒಬ್ಬನೇ, ಯಾರಾದರೂ ಬರುತ್ತಾರೆ ಎಂದು ಕಾಯುತ್ತಾ.

ಹೆಣವನ್ನು ಊರಿಗೆ ತರುವ ಓಡಾಟವನ್ನೆಲ್ಲ ಮಾಡಿದವನು ಕಾರ್ಡಣ್ಣ. ಆಸ್ಪತ್ರೆ, ಪೊಲೀಸು, ರಾಯಭಾರ ಕಚೇರಿ, ಮೀನಿನ ದೋಣಿಯವರ ಹತ್ತಿರ ಐಸು, ವಿಮಾನದವರ ಹತ್ತಿರ ಪೆಟ್ಟಿಗೆ. ಅವನಿಲ್ಲದಿದ್ದರೆ ಇನ್ನೂ ಎಷ್ಟು ದಿನ ಹಿಡಿಯುತ್ತಿತ್ತೋ. ಇದನ್ನೂ ಹೇಳಬೇಕು, ಹೇಳಿದ್ದೇನೆ. ಅವನ ಆ ಉಪಕಾರವನ್ನು ನಾನು ಹಲ್ಲು ಕಚ್ಚಿ ತೆಗೆದುಕೊಂಡೆ.

ಅತ್ತೆಗೆ ನಾವು ಹೇಳಿದ್ದು ಒಂದೇ ಮಾತು: ನೀರಿನ ಸೆಳೆತ. ಬಿಲ್ಲೆಯ ವಿಷಯ ಹೇಳಿರಲಿಲ್ಲ. ಹೇಳಬಾರದೆಂದಲ್ಲ, ಯಾವ ಮಾತಿನಿಂದ ಶುರು ಮಾಡುವುದೆಂದು ನನಗೆ ತಿಳಿಯಲಿಲ್ಲ.

ಪೆಟ್ಟಿಗೆ ಮನೆಯ ಮುಂದೆ ಇಳಿದಾಗ ಬಾಡಿಗೆ ಮನೆಗಳ ಗಾರೆ ಕೆಲಸದವರೆಲ್ಲ ಕೆಲಸಕ್ಕೆ ಹೋಗದೆ ನಿಂತಿದ್ದರು. ಭುಜ ಕೊಟ್ಟವರು ಅವರೇ. ದೊಡ್ಡಪ್ಪನ ಮಕ್ಕಳು ಬೀದಿಯ ತಿರುವಿನ ತನಕ ಬಂದು ನಿಂತುಕೊಂಡರು, ಮುಂದೆ ಬರಲಿಲ್ಲ. ಅತ್ತೆ ಅಳಲಿಲ್ಲ. ಬಾವಿಯಿದ್ದ ಜಾಗದಲ್ಲಿ, ಬೈಕುಗಳ ನಡುವೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದರು.

ಈಗೀಗ ಹೆಂಗಸರೂ ಸ್ಮಶಾನಕ್ಕೆ ಬರುತ್ತಾರೆ. ನಾವಿಬ್ಬರೂ ಹೋದೆವು. ಸೌದೆ ಜೋಡಿಸಿ ಅವನನ್ನು ಮಲಗಿಸಿದರು. ಅಲ್ಲಿಂದ ಮುಂದೆ ನಮ್ಮಲ್ಲಿ ಒಂದು ಪದ್ಧತಿ. ನೀರು ತುಂಬಿದ ಮಣ್ಣಿನ ಮಡಕೆಯನ್ನು ಹೆಗಲ ಮೇಲೆ ಹೊತ್ತು ಮೂರು ಸುತ್ತು ಬರಬೇಕು. ಸುತ್ತಿಗೊಂದು ತೂತು ಹಿಂದಿನಿಂದ ಕುಟ್ಟುತ್ತಾರೆ, ನೀರು ಸುರಿಯುತ್ತಾ ಹೋಗುತ್ತದೆ. ಕೊನೆಗೆ ಮಡಕೆಯನ್ನು ಹಿಂದಕ್ಕೆ ಬಿಟ್ಟು, ಬೆನ್ನು ಹಾಕಿಯೇ ಕೊಳ್ಳಿ ಮುಟ್ಟಿಸಿ, ಹಿಂತಿರುಗಿ ನೋಡದೆ ನಡೆದುಬಿಡಬೇಕು. ಮಗ ಮಾಡುವ ಕೆಲಸ ಇದು. ಮಗನಿಲ್ಲದಿದ್ದರೆ ತಮ್ಮ.

"ಮಡಕೆ ಯಾರವ್ವಾ ಎತ್ತೋರು?" ಎಂದರು ಊರಿನ ಹಿರಿಯರೊಬ್ಬರು.

ಅತ್ತೆ ಸುತ್ತ ನೋಡಿದರು. ಅವರ ಕಣ್ಣು ಕಾರ್ಡಣ್ಣನ ಮೇಲೆ ನಿಂತಿತು. ಅವನು ಒಂದು ಮೂಲೆಯಲ್ಲಿ, ಸೌದೆಯ ಸಿಬಿರು ಚುಚ್ಚಿದ ಅಂಗೈಯನ್ನು ಒತ್ತಿಕೊಳ್ಳುತ್ತಾ ನಿಂತಿದ್ದ.

"ಬಾರಪ್ಪಾ" ಎಂದರು. "ನನ್ನ ಮಗಂಗೆ ಒಡಹುಟ್ಟಿದೋರು ಅಂತ ಯಾರವ್ರೆ? ತಮ್ಮನ ಜಾಗ್ದಾಗೆ ನಿಂತ್ಕಂಡು ನೀನೇ ಎತ್ತು. ಅವ್ನ ಪರವಾಗಿ ಯಾರಾನ ಮಾಡ್ಲೇಬೇಕಲ್ಲ."

ಅವನ ಮುಖ ಬಿಳಿಚಿಕೊಂಡಿತು. ಆದರೆ ಕಾಲು ಮುಂದಕ್ಕೆ ಬಂತು. ಯಾರಾದರೂ ಕೇಳಿದರೆ ಇಲ್ಲ ಎನ್ನುವುದು ಆ ಮೈಗೆ ಗೊತ್ತೇ ಇಲ್ಲ. ಬಗ್ಗಿ ಮಡಕೆಗೆ ಎರಡೂ ಕೈ ಹಾಕಿದ.

"ಬಿಡು" ಎಂದೆ.

ನನ್ನ ದನಿ ಅಷ್ಟು ಸಣ್ಣಗೆ ಬಂದದ್ದು ನನಗೇ ಆಶ್ಚರ್ಯ. ಅವನು ತಲೆಯೆತ್ತಿ ನೋಡಿದ.

"ಅವ್ನ ಬದ್ಲು ನೀನು ಮಾಡಿದ್ದು ಸಾಕು. ಬಿಡು ಮಡಕೇನ."

ಅವನು ಕೈ ಬಿಟ್ಟು ಹಿಂದೆ ಸರಿದ. ಬಿಟ್ಟ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕಂಕುಳಲ್ಲಿ ಅವುಚಿಕೊಂಡ. ಹೆಂಗಸರು ಮಡಕೆ ಎತ್ತುವ ಹಾಗಿಲ್ಲ ಎಂದು ಹಿರಿಯರು ಏನೋ ಹೇಳಲು ಹೋದರು. ಅತ್ತೆ ನನ್ನ ಮುಖ ನೋಡಿದರು, ಅವನ ಮುಖ ನೋಡಿದರು. ಅವರಿಗೆ ಎಷ್ಟು ಅರ್ಥವಾಯಿತೋ, ಏನು ಅರ್ಥವಾಯಿತೋ. ಹಿರಿಯರ ಕಡೆಗೆ ಕೈಯೆತ್ತಿ "ಎತ್ಲಿ ಬಿಡಿ" ಎಂದರು.

ನಾನೇ ಎತ್ತಿದೆ. ಮಡಕೆ ಅಂದುಕೊಂಡದ್ದಕ್ಕಿಂತ ಭಾರವಿತ್ತು. ಮೊದಲ ಸುತ್ತಿಗೆ ತೂತು ಬಿದ್ದಾಗ ತಣ್ಣನೆಯ ನೀರು ಕುತ್ತಿಗೆಯ ಹಿಂದಿನಿಂದ ಬೆನ್ನಿಗಿಳಿಯಿತು. ಎರಡನೆಯ ಸುತ್ತಿಗೆ ಸೀರೆಯೆಲ್ಲ ಒದ್ದೆ. ಮೂರನೆಯದಕ್ಕೆ ಬಾಡಿಗೆ ಮನೆಯ ಹೆಂಗಸೊಬ್ಬಳು ಬಂದು ಮೊಣಕೈ ಹಿಡಿದಳು. ಹಿರಿಯರು ಹೇಳಿದ ಕಡೆ ನಿಂತು ಮಡಕೆಯನ್ನು ಹಿಂದಕ್ಕೆ ಬಿಟ್ಟೆ. ಒಡೆದ ಸದ್ದು ಕೇಳಿಸಿತು. ಕೊಳ್ಳಿಯನ್ನು ಕೈಗೆ ಕೊಟ್ಟರು, ಬೆನ್ನ ಹಿಂದೆಯೇ ಮುಟ್ಟಿಸಿದೆ.

"ನಡಿಯವ್ವಾ" ಎಂದರು ಹಿರಿಯರು. "ತಿರುಗಿ ನೋಡ್ಬಾರ್ದು. ಅಂಗೇ ಓಗ್ಬೇಕು."

ನಾಲ್ಕು ಹೆಜ್ಜೆ ನಡೆದೆ. ಅವತ್ತೂ ಹೀಗೆಯೇ, ಎಲ್ಲ ಸರಿಯಾಗಿದೆ ಎಂದು ದೋಣಿ ಅವನಿಗೆ ಬೆನ್ನು ಹಾಕಿ ಹೊರಟಿತ್ತು, ದೋಣಿಯಲ್ಲಿದ್ದ ಯಾರೊಬ್ಬರೂ ಹಿಂದೆ ತಿರುಗಿ ನೋಡಿರಲಿಲ್ಲ. ನಾನು ನಿಂತೆ. ಹಿರಿಯರು ಬೇಡ ಬೇಡ ಎನ್ನುತ್ತಿದ್ದಂತೆಯೇ ಪೂರ್ತಿ ತಿರುಗಿ, ಸೌದೆಯ ಮೇಲಿದ್ದ ಅವನನ್ನು ನೋಡಿದೆ. ಬೆಂಕಿ ಇನ್ನೂ ಸರಿಯಾಗಿ ಹತ್ತಿರಲಿಲ್ಲ, ಅವನ ಪಾದಗಳು ಕಾಣುತ್ತಿದ್ದವು. ಹೊಗೆಯಲ್ಲಿ ಅವು ಮರೆಯಾಗುವ ತನಕ ಅಲ್ಲೇ ನಿಂತಿದ್ದೆ.